ಮಿದುಳಿನ ಅರ್ಬುದ ಮತ್ತು ಜೀವಕೋಶದ ಗ್ರಾಹಕಗಳು

ಜೀವಕೋಶದ ಹೊರಪೊರೆಯಲ್ಲಿದ್ದು, ಹೊರಗಿನ ಸಂದೇಶವನ್ನು ಒಳಕ್ಕೆ ಮುಟ್ಟಿಸುವ ಪ್ರೋಟೀನುಗಳನ್ನು ಗ್ರಾಹಕಗಳೆನ್ನುತ್ತೇವೆ. 1962ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಕೊಹೆನ್ ಅವರು, ಇಲಿಮರಿಗಳ ಕಣ್ಣನ್ನು ಬೇಗ ತೆರೆಯಿಸುವ ಬೆಳವಣಿಗೆಯ ದ್ರವ್ಯವೊಂದನ್ನು ಇಲಿಯ ಲಾಲಾಗ್ರಂಥಿಯಿಂದ ಬೇರ್ಪಡಿಸಿದರು. ಅದರ ಗ್ರಾಹಕವು ಕೋಳಿಗಳಲ್ಲಿ ಅರ್ಬುದವನ್ನುಂಟುಮಾಡುವ ವೈರಸ್ಸೊಂದರ ಪ್ರೋಟೀನನ್ನು ಬಹುಮಟ್ಟಿಗೆ ಹೋಲುವುದೆಂದು 1984ರಲ್ಲಿ ತಿಳಿದುಬಂದಿತು. ಮರುವರ್ಷವೇ, ಮನುಷ್ಯರ ಕೆಲವು ಮಿದುಳುಗಡ್ಡೆಗಳಲ್ಲಿ ಆ ಗ್ರಾಹಕದ ಜೀನು ಹಲವು ಪಟ್ಟು ಹೆಚ್ಚಿರುವುದು ಕಂಡುಬಂದಿತು. ಅಂಥ ಕೆಲವು ಗಡ್ಡೆಗಳಲ್ಲಿ ಗ್ರಾಹಕದ ಹೊರಭಾಗದ ಅಂಶವೊಂದು ಲೋಪವಾಗಿ, ಸಂದೇಶ ಬರದೆಯೇ ಅದು ಕೋಶದ ಬೆಳವಣಿಗೆಯನ್ನು ಪ್ರೇರಿಸುತ್ತದೆ.

ಕಾರಣ ತಿಳಿದಮೇಲೆ ಚಿಕಿತ್ಸೆ ಸುಲಭವೆಂದು ನಾವು ಭಾವಿಸಬಹುದು. ಆದರೆ ಶ್ವಾಸಕೋಶದ ಅರ್ಬುದದಲ್ಲಿ ಫಲವಿತ್ತ ಗ್ರಾಹಕರೋಧಕ ಔಷಧಗಳು ಇಲ್ಲಿ ವಿಫಲವಾದವು. ಒಂದೇ ಗಡ್ಡೆಯ ಕೋಶಗಳೆಲ್ಲವೂ ಒಂದೇ ಗ್ರಾಹಕವನ್ನು ಆಶ್ರಯಿಸಿರುವುದಿಲ್ಲ. ಕಾರಣವನ್ನು ಅರಿಯುವುದೂ ರೋಗವನ್ನು ಜಯಿಸುವುದೂ ಒಂದೇ ಅಲ್ಲವೆಂಬುದನ್ನು ಈ ಇತಿಹಾಸದಿಂದ ನಾವು ಮನಗಾಣಬೇಕಾಗಿದೆ.