ಸೋತ ರಾತ್ರಿಯ ಫೋನು

ನಮ್ಮೂರು ಸೋಮನಾಥಪುರ. ಕೇಶವ ದೇವಾಲಯ ನೋಡಲು ಬರುವವರಿಗೆಲ್ಲ ಊರಿನ ಹೆಸರು ಗೊತ್ತು. ದೇವಾಲಯದ ಆಚೆಗೂ ಒಂದು ಊರಿದೆ ಎಂಬುದು ಅಷ್ಟಾಗಿ ಗೊತ್ತಿರುವುದಿಲ್ಲ. ಇಲ್ಲಿಯ ಹುಡುಗರು ಕಬಡ್ಡಿ ಆಡುತ್ತಾರೆ, ವಾಲಿಬಾಲ್ ಆಡುತ್ತಾರೆ, ಕೊಯ್ಲಾದ ಗದ್ದೆಯಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ಟು ಆಡುತ್ತಾರೆ. ಫುಟ್‌ಬಾಲ್ ಆಡಿದ್ದನ್ನು ನಾನಂತೂ ಕಂಡಿಲ್ಲ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಸಮಾಜ ಪಾಠ ಹೇಳಿಕೊಂಡು ಬಂದ ನಾನು ಈಗ ಒಂದು ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬರೆಯಲು ಕೂತಿದ್ದೇನೆ. ಅದಕ್ಕೆ ಕಾರಣ ನನ್ನ ಮಗ.

2013ರಲ್ಲಿ ಅವನು ಎಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದ. ಅದೇ ವರ್ಷ ಜುಲೈ 20ರಂದು ಬೆಂಗಳೂರು ಎಫ್‌ಸಿ ಹುಟ್ಟಿತು. ಭಾನುವಾರ ಫೋನು ಮಾಡಿದರೆ ನನ್ನದು ಯಾವಾಗಲೂ ಎರಡೇ ಪ್ರಶ್ನೆ: ಊಟ ಆಯ್ತಾ, ಓದ್ತಾ ಇದೀಯಾ. ಅವನದು ಒಂದೇ ಉತ್ತರ: ‘ಹ್ಞೂ.’ ಒಂದು ದಿನ ಹಿಂದೆ ಏನೋ ಗದ್ದಲ ಕೇಳಿಸಿ ‘ಎಲ್ಲಿದೀಯೋ?’ ಎಂದೆ. ‘ಮ್ಯಾಚಿಗೆ ಬಂದಿದೀನಮ್ಮ’ ಎಂದವನು ಅರ್ಧ ಗಂಟೆ ಮಾತಾಡಿದ. ಅಂದಿನಿಂದ ನಾನೂ ಮೊದಲು ಮ್ಯಾಚಿನ ವಿಚಾರ ಕೇಳಿ, ಆಮೇಲೆ ಊಟದ ವಿಚಾರಕ್ಕೆ ಬರುವುದನ್ನು ಕಲಿತೆ.

ಈ ಕ್ಲಬ್ಬು ಹೊಸದಾದರೂ ಅದು ಬಿದ್ದ ಮಣ್ಣು ಹಳೆಯದು. ದಂಡು ಪ್ರದೇಶ, ಆಸ್ಟಿನ್ ಟೌನ್, ಗೌತಮಪುರದ ಕಡೆಯ ಜನ ತಲೆತಲಾಂತರದಿಂದ ಫುಟ್‌ಬಾಲ್ ಆಡಿದವರು. ಬ್ರಿಟಿಷ್ ಸೈನ್ಯದ ತಂಡಗಳೇ ಒಯ್ಯುತ್ತಿದ್ದ ರೋವರ್ಸ್ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಅದು 1937ರಲ್ಲಿ, 1938ರಲ್ಲಿ ಮತ್ತೆ ಗೆದ್ದರು. ಮೈಸೂರು ರಾಜ್ಯ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ತಂದಿತು, ಕೊನೆಯದು 1968-69ರಲ್ಲಿ. ಆಮೇಲೆ ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳ ತಂಡಗಳು ಆಟವನ್ನು ಉಳಿಸಿಕೊಂಡು ಬಂದವು. ಇದೆಲ್ಲ ನನಗೆ ಹೇಳಿದವನು ನನ್ನ ಮಗ. ಮೈಸೂರು ರಾಜ್ಯದ ಚರಿತ್ರೆ ಪಾಠ ಮಾಡುವ ನನಗೆ ಇದರಲ್ಲಿ ಒಂದು ಸಾಲೂ ಗೊತ್ತಿರಲಿಲ್ಲ.

ಹೊಸ ಕ್ಲಬ್ಬಿನ ಒಡೆಯರು ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಂಸ್ಥೆಯವರು. ತರಬೇತುದಾರ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಛೆಟ್ರಿ. 2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, 1889ರಷ್ಟು ಹಿಂದೆ ಹುಟ್ಟಿದ ಮೋಹನ್ ಬಾಗಾನ್ ವಿರುದ್ಧ ಮೊದಲ ಐ-ಲೀಗ್ ಪಂದ್ಯ, 1-1ರ ಸಮ. 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಮೊದಲ ವರ್ಷವೇ ಐ-ಲೀಗ್ ಪಟ್ಟ ಕಟ್ಟಿಸಿಕೊಂಡರು. ಬಂದ ವರ್ಷವೇ ಸೊಸೆಯ ಕೈಗೆ ಬೀಗದ ಕೈ ಸಿಕ್ಕಂತೆ! ಓರಗಿತ್ತಿಯರು ಸುಮ್ಮನಿರುತ್ತಾರೆಯೇ? ‘ದುಡ್ಡಿನ ತಂಡ’ ಎಂದು ಆಡಿಕೊಂಡವರಿದ್ದರಂತೆ. ನನ್ನ ಮಗನಿಗೆ ಅದು ತುಂಬಾ ನೋವು ತರುತ್ತಿತ್ತು.

ಪುಸ್ತಕ ಬರೆಯುವವರು ತಿರುವು ಎಂದರೆ ಈ ಏಪ್ರಿಲ್ 21 ಎಂದಾರು. ಅವನನ್ನು ಕೇಳಿದರೆ ಬೇರೆ ತಾರೀಕು ಹೇಳುತ್ತಾನೆ: 2015ರ ಮೇ 31.

ಅಷ್ಟು ಹೊತ್ತಿಗೆ ತಂಡ ಕಂಠೀರವ ಕ್ರೀಡಾಂಗಣಕ್ಕೆ ಬಂದಿತ್ತು. ಪಶ್ಚಿಮದ ಸ್ಟ್ಯಾಂಡಿನಲ್ಲಿ ಒಟ್ಟಾಗಿ ನಿಂತು ಕೂಗುವ ಹುಡುಗರ ಗುಂಪಿಗೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರು. ನನ್ನ ಮಗನೂ ಅಲ್ಲಿಯೇ ನಿಲ್ಲುತ್ತಿದ್ದ. ಅಂದು ಐ-ಲೀಗಿನ ಕೊನೆಯ ದಿನ, ಎದುರಿಗೆ ಮತ್ತೆ ಮೋಹನ್ ಬಾಗಾನ್. ಪಟ್ಟ ಉಳಿಯಬೇಕಾದರೆ ನಮ್ಮವರು ಗೆಲ್ಲಲೇಬೇಕು, ಅವರಿಗೆ ಸಮ ಆದರೂ ಸಾಕು. ಮೊದಲರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದ. 87ನೇ ನಿಮಿಷದವರೆಗೂ ಪಟ್ಟ ಬೆಂಗಳೂರಿನದೇ ಆಗಿತ್ತು. ಆಗ ಬಾಗಾನಿನ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಒಳಗೆ ತಳ್ಳಿದ. ಅಲ್ಲಿಗೆ ಮುಗಿಯಿತು. ಅವರಿಗೆ 39 ಅಂಕ, ನಮಗೆ 37.

ರಾತ್ರಿ ಹನ್ನೊಂದರ ಮೇಲೆ ಫೋನು ಬಂತು. ಅಷ್ಟು ಹೊತ್ತಿನಲ್ಲಿ ಫೋನು ಬಂದರೆ ತಾಯಿಯ ಜೀವ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ.

‘ಏನೋ ಮಗಾ, ಸೋತ್ರಾ?’

‘ಸೋಲಿಲ್ಲಮ್ಮ, ಸಮ ಆಯ್ತು. ಆದ್ರೂ ಸೋತ್ವಿ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವ್ಯಾರೂ ಎದ್ದು ಬರಲಿಲ್ಲ ಕಣಮ್ಮ. ಆಟಗಾರರು ನಮ್ಮ ಹತ್ತಿರ ಬಂದು ನಿಂತ್ರು. ಚಪ್ಪಾಳೆ ತಟ್ಟಿ ಕಳಿಸಿದ್ವಿ’ ಎಂದ. ಮತ್ತೆ ಮೌನ. ಆಮೇಲೆ ಒಂದೇ ಉಸಿರಿನಲ್ಲಿ, ‘ಅಮ್ಮ, ನಂದು ಮೂರು ಸಬ್ಜೆಕ್ಟ್ ಹೋಗಿದೆ. ಎರಡು ಸೆಮಿಸ್ಟರಿಂದ ನಿನಗೆ ಸುಳ್ಳು ಹೇಳ್ತಿದೀನಿ’ ಎಂದ.

ಮೊದಲು ಬಂದದ್ದು ಸಿಟ್ಟೇ. ‘ಆ ಚೆಂಡೇ ನಿನ್ನ ಓದನ್ನು ತಿಂದಿತು’ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅವನ ಅಪ್ಪ ಒಳಗಿನಿಂದ ‘ಯಾರದು?’ ಎಂದು ಕೇಳುತ್ತಿದ್ದರು. ಆದರೆ ಆಗ ತಾನೇ ಕೇಳಿದ ಚಪ್ಪಾಳೆಯ ಮಾತು ಅಡ್ಡ ಬಂತು. ಎರಡು ಸೆಮಿಸ್ಟರ್ ಈ ಹುಡುಗ ನನಗೆ ಹೇಳಲಿಲ್ಲವಲ್ಲ, ಏಕೆ? ಟೀಚರ ಮಗ ಫೇಲಾಗಬಾರದು ಎಂಬ ಕಟ್ಟಳೆಯನ್ನು ನಾನು ಬಾಯಿಬಿಟ್ಟು ಹೇಳದೆಯೇ ಮನೆಯಲ್ಲಿ ಹೇರಿದ್ದೆ. ಸೋತವರಿಗೂ ಚಪ್ಪಾಳೆ ಬೀಳುವುದನ್ನು ಅವನು ಮೊದಲು ಕಂಡದ್ದು ಮನೆಯಲ್ಲಲ್ಲ, ಕಂಠೀರವದಲ್ಲಿ. ‘ಮತ್ತೆ ಪರೀಕ್ಷೆ ಯಾವಾಗ?’ ಎಂದು ಮಾತ್ರ ಕೇಳಿದೆ. ಅವನು ಅತ್ತ. ಎರಡು ವಿಷಯ ಮುಂದಿನ ಸಲವೇ ಪಾಸಾದವು. ಮೂರನೆಯದು ಇನ್ನೂ ಒಂದು ವರ್ಷ ಸತಾಯಿಸಿತು.

ಕ್ಲಬ್ಬು ಅವನಿಗಿಂತ ಬೇಗ ಎದ್ದಿತು. 2016ರ ಏಪ್ರಿಲ್‌ನಲ್ಲಿ ಐ-ಲೀಗ್ ಪಟ್ಟ ಮತ್ತೆ ಬಂತು. ಅದೇ ಅಕ್ಟೋಬರ್ 19ರಂದು, ಎಎಫ್‌ಸಿ ಕಪ್ಪಿನ ಹಿಂದಿನ ವರ್ಷದ ವಿಜೇತರಾದ ಮಲೇಷ್ಯಾದ ಜೋಹರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿ, ಆ ಕಪ್ಪಿನ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ಬಾಯಿತು. ದೋಹಾದ ಫೈನಲ್ಲಿನಲ್ಲಿ ಇರಾಕಿನ ಏರ್ ಫೋರ್ಸ್ ತಂಡಕ್ಕೆ 0-1ರಿಂದ ಸೋತರು. ಮಗ ಅಂದೂ ಫೋನು ಮಾಡಿದ.

2017ರಲ್ಲಿ ಕ್ಲಬ್ಬು ಐಎಸ್‌ಎಲ್‌ಗೆ ಸೇರಿತು. 2018ರ ಮಾರ್ಚ್ 17ರ ಫೈನಲ್ ಕಂಠೀರವದಲ್ಲೇ. ‘ಒಂದ್ಸಲ ಬಾಮ್ಮ’ ಎಂದು ಹಟ ಹಿಡಿದು ನನ್ನನ್ನೂ ಕರೆದೊಯ್ದ. ಕಟ್ಟಿಕೊಂಡು ಹೋಗಿದ್ದ ಚಕ್ಕುಲಿಯನ್ನು ಹೊರಗೇ ತಿಂದು ಮುಗಿಸಿ ಒಳಗೆ ಹೋದೆವು. ಎಲ್ಲಿ ನೋಡಿದರೂ ನೀಲಿ ಅಂಗಿ. ಹಸಿರು ಸೀರೆ ಉಟ್ಟವಳು ನಾನೊಬ್ಬಳೇ ಇರಬೇಕು. ಕನ್ನಡ, ತಮಿಳು, ಇಂಗ್ಲಿಷ್ ಎಲ್ಲ ಕಲಸಿ ಕೂಗುತ್ತಿದ್ದರು. ಕೂರುವ ಪ್ರಶ್ನೆಯೇ ಇಲ್ಲ. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು ಹೊಡೆದಾಗ ಯಾರೋ ಗೊತ್ತಿಲ್ಲದ ಹುಡುಗಿ ನನ್ನನ್ನು ತಬ್ಬಿಕೊಂಡಳು. ಕೊನೆಗೆ ಚೆನ್ನೈಯಿನ್ 3-2ರಿಂದ ಗೆದ್ದಿತು. ಅದೇ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಳುತ್ತಲೇ ಎರಡು ಕೈಯನ್ನೂ ತಲೆಯ ಮೇಲೆತ್ತಿ ಚಪ್ಪಾಳೆ ಹೊಡೆದಳು. ನಾನೂ ಹೊಡೆದೆ. ಫಸ್ಟ್ ರ್‍ಯಾಂಕ್ ಬಂದವರಿಗೆ ಮಾತ್ರ ‘ಚಪ್ಪಾಳೆ ಹೊಡೀರಿ’ ಎಂದು ಹೇಳಿಕೊಂಡು ಬಂದ ಕೈಗಳು ಇವು.

ಸರಿಯಾಗಿ ಒಂದು ವರ್ಷದ ಮೇಲೆ, 2019ರ ಅದೇ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವಾ ತಂಡದ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ ಐಎಸ್‌ಎಲ್ ಪಟ್ಟ ಬಂತು. ‘ಗೆದ್ವಿ ಕಣ್ರೀ’ ಎಂದು ನಾನು ಕೂಗಿದ್ದನ್ನು ಕೇಳಿ ನಮ್ಮ ಮನೆಯವರು ‘ಯಾರು ಗೆದ್ದದ್ದು?’ ಎಂದರು. ‘ನಾವು’ ಎಂದೆ.

ನಮ್ಮೂರ ದೇವಾಲಯವನ್ನು 1258ರಲ್ಲಿ ಕಟ್ಟಿಸಿದವನು ಸೋಮನಾಥ ದಂಡನಾಯಕ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ. ಹೊರಗೋಡೆಯ ಮೂರ್ತಿಗಳ ಬುಡದಲ್ಲಿ ಮಲ್ಲಿತಮ್ಮ ಎಂದು ಹೆಸರು ಕೊರೆದಿರುವುದನ್ನು ನೋಡಲು ಮಾತ್ರ ಸ್ವಲ್ಪ ಬಗ್ಗಬೇಕು. ಕ್ಲಬ್ಬಿನ ಚರಿತ್ರೆಯೂ ಹಾಗೆಯೇ. ಒಡೆಯರ ಹೆಸರು, ಪಟ್ಟ ಬಂದ ತಾರೀಕು ಎಲ್ಲರಿಗೂ ಕಾಣುತ್ತವೆ. ಸೋತ ದಿನ ಎದ್ದು ಹೋಗದೆ ನಿಂತವರಿಂದ ಅದು ಊರಿನ ತಂಡವಾಯಿತು ಎಂಬುದು ಬಗ್ಗಿ ನೋಡಿದವರಿಗಷ್ಟೇ ಕಾಣುತ್ತದೆ. ದುಡ್ಡಿನ ತಂಡ ಎಂದು ಆಡಿಕೊಂಡವರಿಗೆ ಉತ್ತರ ಸಿಕ್ಕಿದ್ದೂ ಅಂದೇ.

ಆಮೇಲೆ 2022ರಲ್ಲಿ ಡುರಾಂಡ್ ಕಪ್ ಬಂತು. 2023ರಲ್ಲಿ, 2025ರಲ್ಲಿ ಐಎಸ್‌ಎಲ್ ಫೈನಲ್‌ಗಳು ಕೈಜಾರಿದವು, ಎರಡೂ ಸಲ ಅದೇ ಬಾಗಾನಿಗೆ. ಮಗ ಈಗ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದಾನೆ. ಗೆದ್ದ ರಾತ್ರಿ ಗೆಳೆಯರ ಗದ್ದಲದಲ್ಲಿ ಫೋನು ಮಾಡಲು ಮರೆತರೂ ಮರೆತಾನು. ಸೋತ ರಾತ್ರಿ ಮಾತ್ರ ತಪ್ಪದೆ ಮಾಡುತ್ತಾನೆ. ನಾನೂ ಮಲಗದೆ ಕಾಯುತ್ತಿರುತ್ತೇನೆ.