ನಮ್ಮ ಮನೆ ಹಿಂದಿನ ಗಲ್ಲಿ

ಭಾಗ 1

ಮೊದಲ ಫೋಟೋ ನೋಡಿ. ಎರಡು ಸಾಲು ಮನೆಗಳ ಬೆನ್ನು, ಮಧ್ಯೆ ಒಂದು ಆಟೋ ಕಷ್ಟಪಟ್ಟು ಹೋಗುವಷ್ಟು ಜಾಗ. ಒಂದು ಕಡೆ ಮುರಿದ ಕಮೋಡು, ಇನ್ನೊಂದು ಕಡೆ ಯಾರೋ ಬಿಸಾಕಿದ ಹಾಸಿಗೆ, ನಡುವೆ ನಾಯಿ. ಇದು ನನ್ನ ಅಜ್ಜಿ ಮನೆ ಹಿಂದಿನ ಗಲ್ಲಿ. ಮೈಸೂರಿನ ಹಳೇ ಬಡಾವಣೆಗಳಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತೆ. ನಾವು ಅದನ್ನ 'ಕನ್ಸರ್ವೆನ್ಸಿ' ಅಂತೀವಿ. ಚೆಂಡು ಅಲ್ಲಿಗೆ ಬಿದ್ರೆ ಆಟ ಮುಗೀತು ಅಂತಲೇ ಲೆಕ್ಕ, ಯಾರೂ ಹೋಗಿ ತರ್ತಿರಲಿಲ್ಲ.

ಈಗ ಎರಡನೇ ಫೋಟೋ ಜೂಮ್ ಮಾಡಿ. ಗೋಡೆಯ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡ ಹಾಗೆ ಒಂದು ಚೌಕಾಕಾರದ ಗುರುತು ಕಾಣುತ್ತಾ? ಸಿಮೆಂಟ್ ಹಾಕಿ ಮುಚ್ಚಿದ್ದಾರೆ. ಚಿಕ್ಕವನಿದ್ದಾಗ ನಾನು ಅದನ್ನ ಬೆಕ್ಕು ಓಡಾಡೋಕೆ ಮಾಡಿದ ಕಿಂಡಿ ಅಂದ್ಕೊಂಡಿದ್ದೆ. ಹೋದ ತಿಂಗಳು ಪ್ರಾಜೆಕ್ಟ್‌ಗೆ ಅಂತ ಮೈಸೂರು ನಗರಪಾಲಿಕೆ ಬಗ್ಗೆ ಓದ್ತಾ ಓದ್ತಾ ಆ ಕಿಂಡಿ ಯಾಕಿತ್ತು ಅಂತ ಗೊತ್ತಾಯ್ತು. ಅವತ್ತಿಂದ ತಲೆಯಲ್ಲಿ ಕೂತುಬಿಟ್ಟಿದೆ. ಅದಕ್ಕೇ ಈ ಸರಣಿ. ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಭಾಗ 2

ಎರಡು ಸಂಖ್ಯೆಗಳಿಂದ ಶುರು ಮಾಡೋಣ.

1891ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ 74,048.
1901ರಲ್ಲಿ 68,111.

ಹತ್ತು ವರ್ಷದಲ್ಲಿ ಸುಮಾರು 6 ಸಾವಿರ ಜನ ಕಮ್ಮಿ. ಊರುಗಳು ಬೆಳೀತಾನೇ ಇರ್ತವೆ ಅಂತ ನಾವು ಅಂದ್ಕೊಂಡಿರ್ತೀವಿ ಅಲ್ವಾ? ಅದೇ ಹತ್ತು ವರ್ಷದಲ್ಲಿ ಇಡೀ ಮೈಸೂರು ಸಂಸ್ಥಾನದ ಜನಸಂಖ್ಯೆ 49 ಲಕ್ಷದಿಂದ 55 ಲಕ್ಷಕ್ಕೆ ಏರಿತ್ತು. ರಾಜ್ಯ ಬೆಳೀತಾ ಇದೆ, ರಾಜಧಾನಿ ಕುಗ್ತಾ ಇದೆ. ಬೆಂಗಳೂರು ಪೇಟೆಯದೂ ಇದೇ ಕಥೆ, ಅಲ್ಲಿ 80 ಸಾವಿರ ಇದ್ದವರು 69 ಸಾವಿರಕ್ಕೆ ಇಳಿದರು.

ಕಾರಣ ಪ್ಲೇಗು. 1896ರಲ್ಲಿ ಮುಂಬೈಗೆ ಬಂತು, 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ಮೈಸೂರಿಗೆ ದೂರ ಎಷ್ಟು, ನಿಮಗೇ ಗೊತ್ತು. ಆ 6 ಸಾವಿರವೂ ಸತ್ತವರೇ ಅಂತ ಓದ್ಕೋಬೇಡಿ. ಪ್ಲೇಗು ಬಂದ ಊರಲ್ಲಿ ಜನ ಮನೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇರ್ತಿದ್ರು, ಹಳ್ಳಿಯಲ್ಲಿ ನೆಂಟರಿದ್ದವರು ಅಲ್ಲಿಗೆ ಹೋಗ್ತಿದ್ರು, ಕೆಲವರು ವಾಪಸ್ ಬರಲೇ ಇಲ್ಲ. ಜನಗಣತಿ ಎಣಿಸೋದು ಆ ದಿನ ಊರಲ್ಲಿ ಇದ್ದವರನ್ನ. ಸತ್ತವರೂ ಓಡಿಹೋದವರೂ ಅದರ ಪುಟದಲ್ಲಿ ಒಂದೇ ಥರ ಕಾಣೆಯಾಗ್ತಾರೆ.

ಆ ಕಾಲದ ಮೈಸೂರು ಹೇಗಿತ್ತು? ಕೋಟೆ, ಲಷ್ಕರ್, ಮಂಡಿ, ದೇವರಾಜ, ಕೃಷ್ಣರಾಜ, ನಜರ್‌ಬಾದ್, ಹೀಗೆ ಮೊಹಲ್ಲಾಗಳು. ಇವತ್ತು ಖಾಲಿ ಮೈದಾನದ ಥರ ಕಾಣೋ ಕೋಟೆಯೊಳಗೆ, ಅರಮನೆ ಸುತ್ತ, ಒತ್ತೊತ್ತಾಗಿ ಮನೆಗಳಿದ್ದವು. ದಸರಾ ಜಂಬೂಸವಾರಿ ನೋಡೋಕೆ ನಾವು ನಿಂತ್ಕೊಳ್ಳೋ ಸಯ್ಯಾಜಿರಾವ್ ರಸ್ತೆ ಇದೆಯಲ್ಲ, ಅದಕ್ಕಿಂತ ಮುಂಚೆ ಅಲ್ಲಿದ್ದದ್ದು ಒಂದು ದೊಡ್ಡ ನಾಲೆ. ಕಾವೇರಿ ನೀರು ಊರಿಗೆ ತರ್ತೀನಿ ಅಂತ ದಿವಾನ್ ಪೂರ್ಣಯ್ಯ ತೋಡಿಸಿದ್ದು. ನೀರು ಬರಲಿಲ್ಲ, ಹಳ್ಳ ಉಳೀತು. ಆಮೇಲೆ ಅದನ್ನ ಮುಚ್ಚಿ ರಸ್ತೆ ಮಾಡಿದ್ರು. ಕಾವೇರಿ ನೀರನ್ನ ಪಂಪ್ ಮಾಡಿ ತರೋ ಬೆಳಗೊಳದ ವಾಣಿವಿಲಾಸ ವಾಟರ್ ವರ್ಕ್ಸ್ ಬಂದಿದ್ದು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ. ಅಂದ್ರೆ ನೀರು ಬಂತು, ಅದರ ಹಿಂದೇನೇ ಪ್ಲೇಗೂ ಬಂತು.

ಭಾಗ 3

1897ರಲ್ಲಿ ಮದುವೆ ಸಮಯದಲ್ಲಿ ಹಳೇ ಮರದ ಅರಮನೆ ಸುಟ್ಟುಹೋಯ್ತು, ಹೊಸದು 1912ಕ್ಕೆ ಮುಗೀತು. ಇದು ಟೂರಿಸ್ಟ್ ಗೈಡ್‌ಗಳಿಗೂ ಬಾಯಿಪಾಠ. ಅದೇ ಹದಿನೈದು ವರ್ಷದಲ್ಲಿ ಅರಮನೆ ಹೊರಗಿನ ಊರನ್ನೂ ಮತ್ತೆ ಕಟ್ಟಿದ್ರು ಅನ್ನೋದನ್ನ ಯಾವ ಗೈಡೂ ಹೇಳಲ್ಲ.

1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ನಿಮ್ಮ ತಾತ ಸೈಟ್ ಬಗ್ಗೆ ಮಾತಾಡುವಾಗ 'ಸಿಐಟಿಬಿ' ಅಂತಿದ್ರಲ್ಲ, ಅದೇ. 1988ರಲ್ಲಿ ಅದರ ಜಾಗಕ್ಕೆ ಮುಡಾ ಬಂತು. (ಮುಡಾ ಬಗ್ಗೆ ಕಾಮೆಂಟಲ್ಲಿ ಜಗಳ ಬೇಡ, ಪ್ಲೀಸ್.) ಇದು ದೇಶದಲ್ಲೇ ಮೊದಲನೆಯದು ಅಂತ ಎಲ್ಲಾ ಕಡೆ ಬರೆದಿರ್ತಾರೆ. ನಾನೂ ಹೆಮ್ಮೆಯಿಂದ ಹಾಗೇ ಬರೆಯೋಣ ಅಂದ್ಕೊಂಡಿದ್ದೆ. ಆದರೆ ಮುಂಬೈಯ ಇಂಪ್ರೂವ್‌ಮೆಂಟ್ ಟ್ರಸ್ಟ್ 1898ರಲ್ಲೇ ಹುಟ್ಟಿತ್ತು, ಅದೂ ಪ್ಲೇಗಿಂದಲೇ. ನಮ್ಮದು ಮೊದಲನೆಯದಲ್ಲ, ಆದ್ರೆ ತುಂಬಾ ಬೇಗ ಎಚ್ಚೆತ್ತವರಲ್ಲಿ ನಾವೂ ಒಬ್ಬರು. ಅಷ್ಟು ಸಾಕು.

ಬೋರ್ಡಿನ ಕೆಲಸ ಸರಳವಾಗಿ ಹೇಳೋದಾದ್ರೆ: ಇಕ್ಕಟ್ಟಾದ ಕೇರಿಗಳನ್ನ ಬಿಡಿಸು, ಹೊಸ ಬಡಾವಣೆ ಹಾಕು, ಅಗಲವಾದ ರಸ್ತೆ ಬಿಡು, ಗಾಳಿ ಬೆಳಕು ಬರಲಿ. ಇಲ್ಲಿ ಒಂದು ತಮಾಷೆ ಇದೆ. ಪ್ಲೇಗು ಹರಡೋದು ಇಲಿಯ ಮೈಮೇಲಿನ ಚಿಗಟದಿಂದ ಅಂತ 1898ರಲ್ಲೇ ಒಬ್ಬ ಫ್ರೆಂಚ್ ವೈದ್ಯ ಹೇಳಿದ್ದ, ಆದ್ರೆ ಎಷ್ಟೋ ವರ್ಷ ಅದನ್ನ ಹೆಚ್ಚಿನವರು ಒಪ್ಪಲಿಲ್ಲ. ಕೊಳಕು, ಕೆಟ್ಟ ಗಾಳಿ, ಕತ್ತಲೆ ಮನೆ, ಇವೇ ಕಾರಣ ಅಂತ ನಂಬಿಕೆ. ಅರ್ಧ ತಪ್ಪು ಥಿಯರಿ ಇಟ್ಕೊಂಡು ಮಾಡಿದ ಕೆಲಸದಿಂದ ಇಲಿಗಳಿಗೂ ಜಾಗ ಕಮ್ಮಿಯಾಯ್ತು.

ಮೈಸೂರಿನ ಹಳೇ ಬಡಾವಣೆಗಳ ರಸ್ತೆಗಳು ಗೆರೆ ಎಳೆದ ಹಾಗೆ ಇರೋದು ಸುಮ್ನೆ ಅಲ್ಲ. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆ ಒಂದು ಸಾರಿ ಫೋನ್ ಜೇಬಲ್ಲಿ ಇಟ್ಕೊಂಡು ನಡೀರಿ. ಮನೆ ಮುಂದೆ ರಸ್ತೆ, ಮನೆ ಹಿಂದೆ ಗಲ್ಲಿ. ಪ್ರತಿ ಮನೆಗೂ ಎರಡು ಮುಖ.

1908ರಲ್ಲಿ ಶಿವನಸಮುದ್ರದ ಕರೆಂಟ್ ಬಂದು ಮೈಸೂರಿನ ಬೀದಿ ದೀಪ ಹತ್ತಿದವು. ಮುಂದಿನ ರಸ್ತೆಗೆ. ಹಿಂದಿನ ಗಲ್ಲಿಗೆ ಇವತ್ತಿಗೂ ದೀಪ ಇಲ್ಲ, ನಮ್ಮ ಅಜ್ಜಿ ಮನೆ ಹತ್ತಿರವಂತೂ ಇಲ್ಲ.

ಭಾಗ 4

ಈಗ ಆ ಕಿಂಡಿ.

ಆಗ ಫ್ಲಶ್ ಇರಲಿಲ್ಲ, ಒಳಚರಂಡಿ ಎಲ್ಲ ಮನೆಗೂ ಇರಲಿಲ್ಲ. ಪಾಯಿಖಾನೆ ಅಂದ್ರೆ ಹಿತ್ತಲ ತುದಿಯಲ್ಲಿ ಒಂದು ಕೋಣೆ, ಕೆಳಗೆ ಒಂದು ಬಕೆಟ್ಟೋ ತಟ್ಟೆಯೋ. ಅದನ್ನ ಬೆಳಗಿನ ಜಾವ ಬಂದು ಯಾರೋ ಎತ್ಕೊಂಡು ಹೋಗ್ಬೇಕು. ಹಾಗೆ ಎತ್ತೋರು ಮುಂದಿನ ಬಾಗಿಲಿಂದ ಬರೋ ಹಾಗಿಲ್ಲ, ಅಂಗಳ ದಾಟೋ ಹಾಗಿಲ್ಲ, ಮನೆಯವರ ಕಣ್ಣಿಗೆ ಬೀಳೋ ಹಾಗೂ ಇಲ್ಲ. ಅದಕ್ಕೆ ಹಿಂದೆ ಒಂದು ಗಲ್ಲಿ. ಗೋಡೆಯ ಬುಡದಲ್ಲಿ ಒಂದು ಕಿಂಡಿ, ಅದಕ್ಕೊಂದು ಕಬ್ಬಿಣದ ಮುಚ್ಚಳ. ಕೈ ಒಳಗೆ ಹಾಕಿ, ಎಳೆದು, ತಲೆ ಮೇಲಿನ ಕುಕ್ಕೆಗೋ ಗಾಡಿಗೋ ಸುರಿದು, ಮುಂದಿನ ಕಿಂಡಿಗೆ.

ಊರಿನ ಆರೋಗ್ಯ ಕಾಪಾಡಿದ ಪ್ಲಾನ್ ಇದು, ಅದರಲ್ಲಿ ಅನುಮಾನ ಇಲ್ಲ. ಕೊಳಕು ರಸ್ತೆಗೆ ಬರಲಿಲ್ಲ, ಬಾವಿಗೆ ಸೇರಲಿಲ್ಲ. ಆದರೆ ಅದೇ ನಕ್ಷೆಯಲ್ಲಿ, ಸ್ಕೇಲ್ ಇಟ್ಟು ಎಳೆದ ಅದೇ ಗೆರೆಗಳಲ್ಲಿ, ಯಾರು ಎಲ್ಲಿ ನಡೀಬೇಕು ಅನ್ನೋದೂ ಇತ್ತು. ಹಳ್ಳಿಯಲ್ಲಿ ಜಾತಿ ಊರಾಚೆ ಕೇರಿಯಾಗಿತ್ತು. ನಗರದಲ್ಲಿ ಇಂಜಿನಿಯರ್‌ಗಳು ಅದನ್ನ ಹನ್ನೆರಡು ಅಡಿಯೋ ಹತ್ತು ಅಡಿಯೋ ಅಗಲದ ಗಲ್ಲಿ ಮಾಡಿ ಮನೆ ಬೆನ್ನಿಗೇ ತಂದು ಅಂಟಿಸಿದ್ರು. ಆ ಕೆಲಸಕ್ಕೆ ಬಂದವರೆಲ್ಲ ದಲಿತ ಸಮುದಾಯದವರೇ, ಮುನ್ಸಿಪಾಲಿಟಿ ಸಂಬಳ ಕೊಡ್ತಿತ್ತು, ಅಪ್ಪನಾದ ಮೇಲೆ ಮಗ, ಅತ್ತೆಯಾದ ಮೇಲೆ ಸೊಸೆ.

ನಮ್ಮಜ್ಜಿ ಆ ಮನೆಗೆ ಸೊಸೆಯಾಗಿ ಬಂದದ್ದು 60ರ ದಶಕದಲ್ಲಿ. ಕೇಳಿದೆ, "ಅಜ್ಜಿ, ಹಿಂದಿನ ಗಲ್ಲೀಲಿ ಯಾರು ಬರ್ತಿದ್ರು?"

"ಒಬ್ಬಳು ಬರ್ತಿದ್ಲು ಕಣೋ, ದಿನಾ. ಮಳೆ ಬಂದ್ರೂ ಬರ್ತಿದ್ಲು. ಹಬ್ಬದ ದಿನ ಒಬ್ಬಟ್ಟು ಕಟ್ಟಿ ಗೋಡೆ ಮೇಲಿಂದ ಕೊಡ್ತಿದ್ವಿ."

"ಹೆಸರೇನು?"

ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು, ಆದ್ರೆ ನೆನಪು ಗಟ್ಟಿ. ಹಾಲಿನವನ ಹೆಸರು, ಹೂವಿನವಳ ಹೆಸರು, ಅವಳ ಗಂಡನ ಹೆಸರು, ಎಲ್ಲಾ ಹೇಳ್ತಾರೆ. ಇದಕ್ಕೆ ಮಾತ್ರ ತುಂಬಾ ಹೊತ್ತು ಯೋಚಿಸಿದ್ರು. ಆಮೇಲೆ ಟಿವಿ ಸೌಂಡ್ ಜಾಸ್ತಿ ಮಾಡಿದ್ರು.

ಭಾಗ 5

ನಿಂತದ್ದು ಯಾವಾಗ? 1970ರ ದಶಕದ ಶುರುವಿನಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪ ಪೌರಾಡಳಿತ ಮಂತ್ರಿ. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನ ನಿಷೇಧಿಸಿದ್ದು ಅವರು. ನಮಗೆ ಬಸವಲಿಂಗಪ್ಪ ಅಂದ್ರೆ 'ಬೂಸಾ' ಗಲಾಟೆ ಮಾತ್ರ ನೆನಪು. 1973ರ ನವೆಂಬರ್‌ನಲ್ಲಿ ನಮ್ಮ ಮೈಸೂರಿನಲ್ಲೇ ಅವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಮಾತಿಗೆ ರಾಜ್ಯವೆಲ್ಲಾ ಹೊತ್ತಿ ಉರಿದು, ಕೊನೆಗೆ ಮಂತ್ರಿ ಸ್ಥಾನವೇ ಹೋಯ್ತು. ಒಂದು ಪದಕ್ಕೆ ಅಷ್ಟು ಜನ ಬೀದಿಗಿಳಿದ ಊರಲ್ಲಿ, ಅಷ್ಟು ವರ್ಷ ನಡೆದ ಆ ಕುಕ್ಕೆಗೆ ಎಷ್ಟು ಜನ ಬೀದಿಗಿಳಿದಿದ್ರು? ಕ್ಲಾಸಲ್ಲಿ ಇದನ್ನ ಕೇಳಿ ನಾನು ಬೈಸ್ಕೊಂಡಿದ್ದೀನಿ, ಇರಲಿ.

ಆದೇಶ ಬಂದ ತಕ್ಷಣ ಎಲ್ಲಾ ನಿಲ್ಲಲಿಲ್ಲ. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಅದು ಸಾಲದೆ ಮತ್ತೆ 2013ರಲ್ಲಿ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಕೆಲವು ಕುಟುಂಬಗಳು ತಮ್ಮನ್ನ ಮನೆಯಿಂದ ಎಬ್ಬಿಸೋದನ್ನ ವಿರೋಧಿಸಿ ಪುರಸಭೆ ಮುಂದೆ ಮೈಗೆ ಮಲ ಸುರಿದುಕೊಂಡು ನಿಂತ್ರು. ನಾವಾಗ ಪ್ರೈಮರಿ ಸ್ಕೂಲಲ್ಲಿದ್ವಿ.

ಭಾಗ 6

ಮತ್ತೆ ಸಂಖ್ಯೆಗೆ ಬರ್ತೀನಿ, ಯಾಕಂದ್ರೆ ಇಲ್ಲಿ ನಮ್ಮದೇ ತಲೆ ಎಣಿಕೆ ಇದೆ.

1911ರಲ್ಲಿ ಮೈಸೂರು 71 ಸಾವಿರ, ಪ್ಲೇಗಿಗೆ ಮುಂಚಿನ ಲೆಕ್ಕಕ್ಕೂ ಇನ್ನೂ ಬಂದಿರಲಿಲ್ಲ. 1931ಕ್ಕೆ ಲಕ್ಷ ದಾಟಿತು. 1951ಕ್ಕೆ ಎರಡೂವರೆ ಲಕ್ಷದ ಹತ್ತಿರ. 2011ಕ್ಕೆ ಸುಮಾರು 9 ಲಕ್ಷ. ಆಮೇಲೆ? ಆಮೇಲೆ ಎಣಿಸಲೇ ಇಲ್ಲ. 2021ರ ಜನಗಣತಿ ಕೋವಿಡ್‌ಗೆ ಮುಂದೆ ಹೋಯ್ತು, ಈಗ 2027 ಅಂತಿದ್ದಾರೆ.

ಇದರಿಂದ ಏನಾಗುತ್ತೆ ಗೊತ್ತಾ? 1970ರ ದಶಕದಲ್ಲಿ ಐಪಿಡಿ ಸಾಲಪ್ಪ ಸಮಿತಿ 500 ಜನಕ್ಕೆ ಒಬ್ಬ ಪೌರಕಾರ್ಮಿಕರು ಇರಬೇಕು ಅಂತ ಹೇಳಿತ್ತು. ಸರ್ಕಾರ ಆಮೇಲೆ ಹಿಡಿದ ಲೆಕ್ಕ 700 ಜನಕ್ಕೆ ಒಬ್ಬರು. 9 ಲಕ್ಷವನ್ನ 700ರಿಂದ ಭಾಗಿಸಿ, 1,285 ಜನ ಬರ್ತಾರೆ. ಊರು ಇವತ್ತು 12 ಲಕ್ಷ ಅಂತ ಸುಮ್ನೆ ಹಿಡ್ಕೊಳ್ಳಿ, ಲೆಕ್ಕ ಅರ್ಥ ಆಗ್ಲಿ ಅಂತ ಅಷ್ಟೇ. ಆಗ 1,714 ಜನ ಬೇಕು. ನಡುವಿನ 400 ಚಿಲ್ಲರೆ ಜನರ ಕೆಲಸವನ್ನ ಇರೋರೇ ಮಾಡ್ಬೇಕು. 500ರ ಲೆಕ್ಕ ಹಿಡಿದ್ರೆ ಅಂತರ ಎಲ್ಲಿಗೆ ಹೋಗುತ್ತೆ, ನೀವೇ ಮಾಡಿ ನೋಡಿ. ಜನಗಣತಿ ಅಂದ್ರೆ ಜಿಕೆ ಪ್ರಶ್ನೆ ಅಂದ್ಕೊಂಡಿದ್ದೆ. ಅದು ಬೆಳಿಗ್ಗೆ ಆರು ಗಂಟೆಗೆ ಒಬ್ಬ ಹೆಂಗಸು ಎಷ್ಟು ಬೀದಿ ಗುಡಿಸಬೇಕು ಅನ್ನೋದನ್ನೂ ಹೇಳುತ್ತೆ.

2015ರಲ್ಲಿ, ಮತ್ತೆ 2016ರಲ್ಲಿ ಮೈಸೂರು ದೇಶದ ಅತ್ಯಂತ ಸ್ವಚ್ಛ ನಗರ ಅಂತ ಬಂದಾಗ ಸ್ಟೇಟಸ್ ಹಾಕದವರು ಯಾರು? ಅದರ ಮರುವರ್ಷ 2017ರಲ್ಲಿ ಪೌರಕಾರ್ಮಿಕರ ಗುತ್ತಿಗೆ ಪದ್ಧತಿ ತೆಗೆಯೋಕೆ ರಾಜ್ಯದಲ್ಲಿ ದೊಡ್ಡ ಹೋರಾಟ ನಡೀತಿತ್ತು, 2022ರ ಜುಲೈನಲ್ಲಿ ಕಾಯಂ ಮಾಡಿ ಅಂತ ರಾಜ್ಯದಾದ್ಯಂತ ಮುಷ್ಕರ. ಆ ನಾಲ್ಕು ದಿನ ಕಸದ ಫೋಟೋ ಹಾಕಿ 'ಛೀ' ಅಂದವರಲ್ಲಿ ನಾನೂ ಇದ್ದೆ. ಆ ಸ್ಟೋರಿ ಆರ್ಕೈವಲ್ಲಿ ಇದೆ, ಡಿಲೀಟ್ ಮಾಡಿಲ್ಲ.

ಇನ್ನು ಗಲ್ಲಿಗೆ ಯಾರನ್ನ ಕೇಳೋದು? ಪಾಲಿಕೆಗೆ 65 ವಾರ್ಡು. 2018ರಲ್ಲಿ ಆಯ್ಕೆಯಾದ ಕೌನ್ಸಿಲ್ ಅವಧಿ 2023ರ ನವೆಂಬರ್‌ಗೆ ಮುಗೀತು, ತಕ್ಷಣ ಚುನಾವಣೆ ಆಗಲಿಲ್ಲ, ಅಧಿಕಾರಿಗಳ ಕೈಗೆ ಹೋಯ್ತು. ನಮ್ಮ ಗಲ್ಲಿ ಬಗ್ಗೆ ನಾನು ಎರಡು ಸಲ ದೂರು ಕೊಟ್ಟೆ. ಒಂದು ಸಲ 'ಪರಿಹರಿಸಲಾಗಿದೆ' ಅಂತ ಮೆಸೇಜ್ ಬಂತು. ಮೊದಲ ಫೋಟೋ ತೆಗೆದಿದ್ದು ಆ ಮೆಸೇಜ್ ಬಂದ ಮಾರನೇ ದಿನ.

ಭಾಗ 7

ಕೊನೇ ಫೋಟೋ. ಈ ಭಾನುವಾರ ತೆಗೆದದ್ದು. ಅಲ್ಲಿ ಹಾಸಿಗೆ ಎಳೀತಾ ಇರೋರ ಮುಖ ಕಾಣದ ಹಾಗೆ ತೆಗೆದಿದ್ದೀನಿ, ಅವರೇ ಹಾಗೆ ಕೇಳಿದ್ರು. ನಾನು ಇನ್ನೊಂದು ತುದಿ ಹಿಡ್ಕೊಂಡೆ, ಮಳೆ ನೀರು ಕುಡಿದು ಸಿಕ್ಕಾಪಟ್ಟೆ ಭಾರ ಇತ್ತು. ಅವರಿಗೆ ಕೊಟ್ಟಿದ್ದ ಗ್ಲೌಸ್ ಬಟ್ಟೆಯದು, ಅದೂ ಬೆರಳ ಹತ್ತಿರ ಹರಿದಿತ್ತು. ಹೆಸರು ಕೇಳಿದೆ, ಹೇಳಿದ್ರು, ಇಲ್ಲಿ ಹಾಕಲ್ಲ. ಅಜ್ಜಿಗೆ ಹೋಗಿ ಹೇಳಿದೆ. ಅವರ ಅತ್ತೆಯೂ ಇದೇ ಲೈನಲ್ಲಿ ಕೆಲಸ ಮಾಡ್ತಿದ್ರಂತೆ ಅಂತಾನೂ ಹೇಳಿದೆ. ಅಜ್ಜಿ ಕೇಳಿದ ಮೊದಲ ಪ್ರಶ್ನೆ, "ಆ ಅತ್ತೆ ಹೆಸರು ಕೇಳಿದ್ಯಾ?"

ಕೇಳಿರಲಿಲ್ಲ. ಮುಂದಿನ ಭಾನುವಾರ ಕೇಳ್ತೀನಿ.

ನಿಮ್ಮ ಮನೆ ಹಿಂದೆಯೂ ಇಂಥ ಗಲ್ಲಿ ಇದ್ರೆ, ಗೋಡೆ ಬುಡದ ಕಿಂಡಿ ಇನ್ನೂ ಉಳಿದಿದ್ರೆ, ಫೋಟೋ ತೆಗೆದು ಡಿಎಂ ಮಾಡಿ. ಬಡಾವಣೆ ಹೆಸರು ಸಾಕು, ಮನೆ ನಂಬರ್ ಬೇಡ. ಮನೇಲಿ ಹಿರಿಯರಿದ್ರೆ ಅಲ್ಲಿ ಯಾರು ಬರ್ತಿದ್ರು ಅಂತ ಒಂದ್ಸಲ ಕೇಳಿ. ಸಿಕ್ಕ ಗಲ್ಲಿಗಳನ್ನೆಲ್ಲಾ ಒಂದು ಮ್ಯಾಪಲ್ಲಿ ಗುರುತು ಹಾಕ್ತಾ ಇದ್ದೀನಿ, ಇಲ್ಲಿವರೆಗೆ ಹನ್ನೊಂದಾಗಿವೆ.