ನೆಟ್ಟ ಕಂಬ, ಬಿಗಿದ ತಂತಿ

ಹವ್ಯಾಸಿ ರೇಡಿಯೊ ವಿದ್ಯೆಯಲ್ಲಿ ಪ್ರೇಷಕಯಂತ್ರಕ್ಕೆ ಸಲ್ಲುವ ಗೌರವದ ಅರ್ಧಭಾಗವೂ ಆಂಟೆನಾಕ್ಕೆ ಸಲ್ಲದಿದ್ದರೂ, ಆಡಿದ ಮಾತು ದೂರದವರ ಕಿವಿಯನ್ನು ಮುಟ್ಟುವುದೂ ಮುಟ್ಟದಿರುವುದೂ ಬಹುಮಟ್ಟಿಗೆ ಅದರ ಅಧೀನವಾಗಿರುವುದರಿಂದ, ನೆಟ್ಟಗೆ ನಿಲ್ಲಿಸಿದ ಕಂಬ ಲೇಸೋ ಅಡ್ಡಲಾಗಿ ಬಿಗಿದ ತಂತಿ ಲೇಸೋ ಎಂಬ ಜಿಜ್ಞಾಸೆಯು ಈ ವಿದ್ಯೆಯಷ್ಟೇ ಹಳೆಯದಾಗಿದೆ. ಹ್ಯಾಮ್‌ಗಳೆಂದು ಕರೆಸಿಕೊಳ್ಳುವ ಈ ಹವ್ಯಾಸಿಗಳ ಆಡುಮಾತಿನಲ್ಲಿ ಮೊದಲನೆಯದು ವರ್ಟಿಕಲ್, ಎರಡನೆಯದು ಡೈಪೋಲ್. ಹೈದರಾಬಾದಿನ ಉತ್ತರಕ್ಕಿರುವ ಜೀಡಿಮೆಟ್ಲಾದ ಕಾರ್ಖಾನೆಗಳ ನಡುವೆ ಮನೆಮಾಡಿಕೊಂಡು, ಬೀದರ, ಕಲಬುರಗಿ, ಬೆಂಗಳೂರುಗಳ ಮಿತ್ರರೊಡನೆ ಮಾತಾಡಬಯಸುವ ಕನ್ನಡಿಗನೊಬ್ಬನು ಈ ಎರಡರಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ನಿರ್ಣಯಿಸುವ ಮುನ್ನ, ಈ ಜಿಜ್ಞಾಸೆ ಬೆಳೆದುಬಂದ ದಾರಿಯನ್ನು ಅವಲೋಕಿಸುವುದು ಯುಕ್ತವಾಗಿದೆ.

ತಂತಿಯೇ ಜ್ಯೇಷ್ಠ. 1887-88ರಲ್ಲಿ ಕಾರ್ಲ್ಸ್‌ರೂಹೆಯ ಪ್ರಯೋಗಶಾಲೆಯಲ್ಲಿ ಹೈನ್ರಿಖ್ ಹರ್ಟ್ಸ್ ವಿದ್ಯುತ್ಕಾಂತ ತರಂಗಗಳನ್ನು ಮೊಟ್ಟಮೊದಲು ಹೊರಡಿಸಿದುದು, ನಡುವೆ ಕಿಡಿ ಹಾರುವ ಸಂದನ್ನಿಟ್ಟ ಎರಡು ತೋಳುಗಳ ಡೈಪೋಲಿನಿಂದ. 1895ರಲ್ಲಿ ಮಾರ್ಕೋನಿಯು ಅದರ ಒಂದು ತೋಳನ್ನು ಮೇಲಕ್ಕೆತ್ತಿ, ಇನ್ನೊಂದರ ಸ್ಥಾನದಲ್ಲಿ ಭೂಮಿಯನ್ನೇ ನಿಯೋಜಿಸಲಾಗಿ, ಸಂಜ್ಞೆಯು ಮುಟ್ಟುವ ದೂರವು ಹಠಾತ್ತನೆ ವರ್ಧಿಸಿತು. ವರ್ಟಿಕಲ್ಲಿನ ವಂಶಾವಳಿ ಅಲ್ಲಿಂದ ಆರಂಭ. 1901ರ ಡಿಸೆಂಬರ್ 12ರಂದು ಅಟ್ಲಾಂಟಿಕ್ ಸಾಗರವನ್ನು ದಾಟಿಬಂದ ಸಂಜ್ಞೆಯನ್ನು ಆತನು ನ್ಯೂಫೌಂಡ್ಲೆಂಡಿನಲ್ಲಿ ಆಲಿಸಿದುದು ಗಾಳಿಪಟದಿಂದ ಎತ್ತಿ ಹಿಡಿದ ತಂತಿಯ ಮೂಲಕವೆಂಬುದು ಪ್ರಸಿದ್ಧವೇ ಆಗಿದೆ. ದೀರ್ಘತರಂಗಗಳ ಆ ಯುಗದಲ್ಲಿ ಕಂಬಕ್ಕೆ ಎದುರಿರಲಿಲ್ಲ. ನಿಷ್ಪ್ರಯೋಜಕವೆಂದು ಹವ್ಯಾಸಿಗಳ ಪಾಲಿಗೆ ಬಿಟ್ಟುಕೊಟ್ಟ ಹ್ರಸ್ವತರಂಗಗಳ ಮೇಲೆ 1923ರ ನವೆಂಬರಿನಲ್ಲಿ ಫ್ರಾನ್ಸ್ ಮತ್ತು ಅಮೆರಿಕಗಳ ಹವ್ಯಾಸಿಗಳೇ ಸಾಗರದಾಚೆ ಪರಸ್ಪರ ಸಂಭಾಷಿಸಿ ತೋರಿಸಿದ ಮೇಲೆ, ಸಾಧಾರಣ ಗೃಹಸ್ಥನ ಅಂಗಳದಲ್ಲಿ ಹಿಡಿಯುವಷ್ಟು ಚಿಕ್ಕದಾದ ಡೈಪೋಲು ಪುನಃ ಪ್ರತಿಷ್ಠೆಗೆ ಬಂದಿತು.

ನಮ್ಮ ದೇಶದ ಪಾಲೂ ಅಲ್ಪವಲ್ಲ. 1921ರಲ್ಲಿ ಅಮರೇಂದ್ರ ಚಂದ್ರ ಗುಪ್ತು ಮತ್ತು ಮುಕುಲ್ ಬೋಸ್ ಭಾರತೀಯರಲ್ಲಿ ಮೊದಲ ಹವ್ಯಾಸಿಗಳಾದರು; 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಸ್ವಗೃಹದಿಂದಲೇ ಆರಂಭಿಸಿದ ಪ್ರಸಾರವು ಆಕಾಶವಾಣಿಯೆಂದು ಹೆಸರಾಯಿತು. ಹೈದರಾಬಾದಿನಲ್ಲಿ 1983ರಲ್ಲಿ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆ ಸ್ಥಾಪಿತವಾಯಿತು. ಮರುವರ್ಷ ಸರ್ಕಾರವು ರೇಡಿಯೊ ಯಂತ್ರಗಳ ಮೇಲಿನ ಆಮದುಸುಂಕವನ್ನು ತೆಗೆದುಹಾಕಿದುದರಿಂದ ಹವ್ಯಾಸಿಗಳ ಸಂಖ್ಯೆ ಬೇಗನೆ ಏರಿತು. ಯಂತ್ರವನ್ನು ಹೊರದೇಶದಿಂದ ತರಿಸಬಹುದಾದರೂ ಆಂಟೆನಾವನ್ನು ಮಾತ್ರ ತಾನಿರುವ ನೆಲಕ್ಕೆ ಒಪ್ಪುವಂತೆ ತಾನೇ ಕಟ್ಟಿಕೊಳ್ಳಬೇಕು. ನನ್ನ ಮಾತಿನ ಹುರುಳೆಲ್ಲ ಈ ನೆಲದಲ್ಲಿಯೇ ಇದೆ.

ಪೂರ್ಣ ಡೈಪೋಲಿನ ಅರ್ಧವನ್ನು ಮಾತ್ರ ನಿಲ್ಲಿಸಿ ಉಳಿದರ್ಧವನ್ನು ಭೂಮಿಯಿಂದ ಅಪೇಕ್ಷಿಸುವ ಕಂಬವು, ಭೂಮಿ ಒಳ್ಳೆಯ ವಾಹಕವಾಗಿಲ್ಲದೆಡೆಯಲ್ಲಿ ತನಗೆ ಕೊಟ್ಟ ಶಕ್ತಿಯ ಬಹುಭಾಗವನ್ನು ಮಣ್ಣನ್ನು ಬಿಸಿಮಾಡುವುದರಲ್ಲಿಯೇ ವ್ಯಯಿಸುತ್ತದೆ. 1937ರಲ್ಲಿ ಬ್ರೌನ್, ಲೂಯಿಸ್, ಎಪ್‌ಸ್ಟೀನ್ ಎಂಬ ಮೂವರು ಅಮೆರಿಕದ ಎಂಜಿನಿಯರುಗಳು ಕಂಬದ ಬುಡದಿಂದ ಸುತ್ತಲೂ 113ರವರೆಗೆ ತಂತಿಗಳನ್ನು ಹೂಳಿ ಅಳೆದು, ತಂತಿಗಳು ಹೆಚ್ಚಿದಂತೆ ನಷ್ಟವು ತಗ್ಗುವುದನ್ನು ಪ್ರಮಾಣಪೂರ್ವಕವಾಗಿ ಸ್ಥಾಪಿಸಿದರು. ಪ್ರಸಾರ ಕೇಂದ್ರಗಳು ರೇಡಿಯಲ್‌ಗಳೆಂಬ ಇಂಥ 120 ತಂತಿಗಳನ್ನು ಹೂಳುವ ಪದ್ಧತಿ ಬೆಳೆದುದು ಈ ಪರಿಶ್ರಮದ ಫಲ. ಆದರೆ ರೇಡಿಯಲ್‌ಗಳು ನಿವಾರಿಸುವುದು ಬುಡದ ಸಮೀಪದ ನಷ್ಟವನ್ನು ಮಾತ್ರ. ಕಂಬದ ತರಂಗವು ದಿಗಂತದ ಕಡೆಗೆ ತಗ್ಗಿ ಸಾಗುವಾಗ ದೂರದ ನೆಲವು ಅದರಿಂದ ಹೀರಿಕೊಳ್ಳುವ ಪಾಲನ್ನು ತಡೆಯಲು ಹವ್ಯಾಸಿಗೆ ಉಪಾಯವಿಲ್ಲ. ಸಮುದ್ರಜಲದ ವಾಹಕತೆಯು ಮೀಟರಿಗೆ ಸುಮಾರು 5 ಸೀಮನ್ಸ್ ಇದ್ದರೆ, ಬಂಡೆನೆಲದ್ದು ಅದರ ಸಾವಿರಾರು ಪಾಲಿನಲ್ಲೊಂದು ಪಾಲು. 1990ರ ದಶಕದಲ್ಲಿ ಜಮೈಕಾದ ಕಡಲಂಚಿನಲ್ಲಿ ನೆಟ್ಟ ವರ್ಟಿಕಲ್‌ಗಳಿಂದ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ವಿಖ್ಯಾತರಾದವರ ಯಶಸ್ಸಿನ ಮರ್ಮ ಇದೇ. ಕಾಸರಗೋಡು, ಉಳ್ಳಾಲ, ಮಲ್ಪೆಗಳ ತೀರದಲ್ಲಿರುವ ಹ್ಯಾಮ್ ಕಂಬವನ್ನೇ ನೆಡಲಿ. ನೆಡದಿದ್ದರೆ ದೈವದತ್ತವಾದ ಸೌಕರ್ಯವನ್ನು ಕೈಬಿಟ್ಟಂತೆ. ಜೀಡಿಮೆಟ್ಲಾದ ಸ್ಥಿತಿ ಬೇರೆ. ದಖ್ಖನಿನ ಗ್ರಾನೈಟ್ ಬಂಡೆಯ ಮೇಲೆ ತೆಳುವಾಗಿ ಹರಡಿದ ಅಲ್ಲಿಯ ಮಣ್ಣಿನಲ್ಲಿ ಅರ್ಥಿಂಗ್ ಸಲಾಕೆಯನ್ನು ಇಳಿಸುವುದೇ ಪ್ರಯಾಸ. ಸಮೀಪದ ಫಾಕ್ಸ್ ಸಾಗರ ಕೆರೆಯ ಸಿಹಿನೀರು ಕಡಲಿನ ಲವಣಜಲಕ್ಕೆ ಸಮವಾಗಲಾರದು. ಅಡ್ಡಲಾದ ಡೈಪೋಲಿನ ಎರಡು ತೋಳುಗಳೂ ತನ್ನವೇ ಆದುದರಿಂದ ಅದು ನೆಲದ ಗುಣಾವಗುಣಗಳಿಗೆ ಅಷ್ಟಾಗಿ ಈಡಾಗುವುದಿಲ್ಲ.

ಇನ್ನು ದೂರದ ವಿಚಾರ. 7 ಮೆಗಾಹರ್ಟ್ಸ್‌ಗೆ ಡೈಪೋಲಿನ ಉದ್ದ ಸುಮಾರು 20 ಮೀಟರ್. ಅದನ್ನು 10 ಮೀಟರ್ ಎತ್ತರದಲ್ಲಿ ಕಟ್ಟಿದರೆ ಅದರ ಪ್ರಸರಣವು ಮುಖ್ಯವಾಗಿ ನೆತ್ತಿಯ ಕಡೆಗೆ ಏರಿ, ಅಯಾನುಮಂಡಲದಿಂದ ಪ್ರತಿಫಲಿತವಾಗಿ, ನಾಲ್ಕಾರು ನೂರು ಕಿಲೋಮೀಟರುಗಳ ವ್ಯಾಪ್ತಿಯಲ್ಲಿ ಮಳೆಯಂತೆ ಎಲ್ಲ ಕಡೆಗೂ ಸುರಿಯುತ್ತದೆ. ನಮ್ಮ ಅಕ್ಷಾಂಶದಲ್ಲಿ ಹಗಲಿನ ಅಯಾನುಮಂಡಲವು ಇದಕ್ಕೆ ಬಹುಪಾಲು ಅನುಕೂಲವಾಗಿಯೇ ಇರುತ್ತದೆ. ವರ್ಟಿಕಲ್ಲಾದರೋ ನೆತ್ತಿಯ ಕಡೆಗೆ ಏನನ್ನೂ ಕಳುಹಿಸದು. ಅದರ ಭೂತರಂಗವು ಬಂಡೆನೆಲದಲ್ಲಿ ಬೇಗನೆ ಕ್ಷೀಣಿಸಿ, ಆಕಾಶತರಂಗವು ಬಹುದೂರ ಹೋಗಿ ಇಳಿಯುವುದರಿಂದ, ಜೀಡಿಮೆಟ್ಲಾದಲ್ಲಿ ಅದನ್ನು ನೆಟ್ಟವನಿಗೆ ರಾತ್ರಿಯಲ್ಲಿ ಯೂರೋಪು ಕೇಳಿಸೀತು, ನೂರು ಚಿಲ್ಲರೆ ಕಿಲೋಮೀಟರಿನಲ್ಲಿರುವ ಬೀದರ ಕೇಳಿಸದೆ ಹೋದೀತು. ವಿಪತ್ಕಾಲದಲ್ಲಿ ಬೇಕಾಗುವುದು ಈ ಸಮೀಪದ ಸಂಪರ್ಕವೇ. ಹೈದರಾಬಾದಿನ ಸಂಸ್ಥೆಯಿಂದ ಅಂಡಮಾನಿಗೆ ತೆರಳಿದ್ದ ಭಾರತಿ ಪ್ರಸಾದರ ತಂಡವು 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಪೋರ್ಟ್ ಬ್ಲೇರಿನಲ್ಲಿಯೇ ಇದ್ದು, ದೂರವಾಣಿಗಳು ಮೂಕವಾದ ದ್ವೀಪಗಳ ವಾರ್ತೆಯನ್ನು ಹೊರಲೋಕಕ್ಕೆ ಮುಟ್ಟಿಸಿದ ಸೇವೆಯನ್ನು ನೆನೆಯುವವರಿಗೆ, ದೂರದ ದೇಶಗಳ ಕರೆಸಂಕೇತಗಳನ್ನು ಸಂಗ್ರಹಿಸುವುದಷ್ಟೇ ಈ ಹವ್ಯಾಸದ ಪರಮಪ್ರಯೋಜನವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಸ್ಥಳ ಸಾಲದೆಂಬ ಆಕ್ಷೇಪಣೆಯೊಂದುಂಟು. 200 ಚದರ ಗಜದ, ಎಂದರೆ 30ಕ್ಕೆ 60 ಅಡಿಯ ನಿವೇಶನದ ಕರ್ಣವು 20 ಮೀಟರಿಗಿಂತ ತುಸು ಹೆಚ್ಚೇ ಆಗುತ್ತದೆ; ತಾರಸಿಯ ಮೆಟ್ಟಿಲುಮನೆಯ ಮೇಲೆ ಜಿಐ ಪೈಪೊಂದನ್ನು ನಿಲ್ಲಿಸಿ, ತಂತಿಯ ನಡುವನ್ನು ಅದರ ತುದಿಗೇರಿಸಿ, ಎರಡು ಕೊನೆಗಳನ್ನು ಎದುರುಬದುರು ಮೂಲೆಗಳಿಗೆ ನೈಲಾನ್ ಹಗ್ಗದಿಂದ ಇಳಿಬಿಗಿದರೆ, ಇನ್ವರ್ಟೆಡ್ ವೀ ಎಂಬ ತಲೆಕೆಳಗಾದ V ಆಕಾರದ ಡೈಪೋಲು ಸಿದ್ಧ. ನಡುವಿನ ಕೋನವು 90 ಅಂಶಕ್ಕಿಂತ ಕಿರಿದಾಗದಿರಲಿ. ಸುತ್ತಲಿನ ವೆಲ್ಡಿಂಗ್ ಯಂತ್ರ, ಮೋಟಾರುಗಳ ಗದ್ದಲವನ್ನು ವರ್ಟಿಕಲ್ ಸಾಮಾನ್ಯವಾಗಿ ಹೆಚ್ಚಾಗಿ ಹಿಡಿಯುವುದೂ ತಂತಿಯ ಪಕ್ಷಕ್ಕೇ ಬಲ ಕೊಡುತ್ತದೆ. ಕಂಬವನ್ನೇ ಬಯಸುವವರು 14 ಮೆಗಾಹರ್ಟ್ಸ್ ಮತ್ತು ಅದಕ್ಕೂ ಮೇಲಿನ ಬ್ಯಾಂಡುಗಳಿಗೆ, ತಾರಸಿಯಿಂದ ಮೇಲಕ್ಕೆತ್ತಿದ ನಾಲ್ಕು ರೇಡಿಯಲ್‌ಗಳೊಡನೆ, ಎರಡನೆಯ ಆಂಟೆನಾವಾಗಿ ಅದನ್ನು ಸೇರಿಸಿಕೊಳ್ಳಬಹುದು.

ಹೊಸದಾಗಿ ಲೈಸೆನ್ಸ್ ಪಡೆದ ಜೀಡಿಮೆಟ್ಲಾದ ಹ್ಯಾಮ್ ಮೊದಲು ಕೊಳ್ಳಬೇಕಾದುದು ತಾಮ್ರದ ತಂತಿಯನ್ನು. ಅದನ್ನು ಏರಿಸುವ ಮುನ್ನ, ಕಾರ್ಖಾನೆಗಳಿಗೆ ಹೋಗುವ 11 ಕಿಲೋವೋಲ್ಟ್ ವಿದ್ಯುತ್ ತಂತಿಗಳು ಎಲ್ಲಿ ಹಾದುಹೋಗಿವೆಯೆಂಬುದನ್ನು ನೋಡಿಕೊಂಡು, ಪೈಪು ಯಾವ ಕಡೆಗೆ ಮುರಿದು ಬಿದ್ದರೂ, ತಂತಿ ಎಲ್ಲಿ ಕಳಚಿದರೂ, ಅವುಗಳನ್ನು ಮುಟ್ಟದಷ್ಟು ದೂರವನ್ನು ತಪ್ಪದೆ ಕಾಯ್ದುಕೊಳ್ಳಬೇಕು.